ಎಳೆ ಕಡಿದರೆ ನಿಲ್ಲುವ ಮಗ್ಗ: ಸಾಕಿಚಿ ಟೊಯೋಡಾ ಅವರ ಬದುಕು

ಟೊಯೋಟಾ ಎಂಬ ಹೆಸರು ಸುರಪುರದ ಮಕ್ಕಳಿಗೆ ಹೊಸದಲ್ಲ. ಮದುವೆಗೆ, ತಿರುಪತಿ ಯಾತ್ರೆಗೆ ಬಾಡಿಗೆಗೆ ಬರುವ ಇನ್ನೋವಾ ಗಾಡಿ ಎಲ್ಲರಿಗೂ ಗೊತ್ತು. ಅದರ ಮುಂಭಾಗದ ಮೂರು ದೀರ್ಘವೃತ್ತಗಳ ಗುರುತನ್ನು ಎಂಟನೆಯ ತರಗತಿಯ ಹುಡುಗರು ನೋಡದೆಯೇ ಬಿಡಿಸಬಲ್ಲರು. ಆದರೆ ಆ ಹೆಸರು ಮೂಲತಃ ಕಾರು ಮಾಡಿದವರದಲ್ಲ, ಮಗ್ಗ ಮಾಡಿದವರದು ಎಂಬುದು ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸುರಪುರದ ಪ್ರೌಢಶಾಲೆಯೊಂದರಲ್ಲಿ ನಡೆದ ಬೋಧನಾಭ್ಯಾಸದಲ್ಲಿ, ಸಮಾಜ ವಿಜ್ಞಾನದ ಜೀವನಚರಿತ್ರೆ ಪಾಠಕ್ಕೆ ನಾನು ಆ ಮಗ್ಗದ ಮನುಷ್ಯರನ್ನೇ ಆರಿಸಿಕೊಂಡೆ. ಪಾಠಕ್ಕಾಗಿ ಸಿದ್ಧಪಡಿಸಿದ ಜೀವನಕಥನವನ್ನೂ, ಅದನ್ನು ಹೇಳುವಾಗ ಎದುರಾದ ಪ್ರಶ್ನೆಗಳನ್ನೂ ಇಲ್ಲಿ ಬರೆದಿದ್ದೇನೆ.

ಈ ಆಯ್ಕೆಗೆ ಎರಡು ಕಾರಣಗಳಿದ್ದವು. ಸುರಪುರಕ್ಕೆ ಹೊಂದಿಕೊಂಡ ರಂಗಂಪೇಟೆಯಲ್ಲಿ ನೇಕಾರ ಮನೆತನಗಳಿವೆ. ಹಾಸು, ಹೊಕ್ಕು, ಲಾಳಿ, ಕಂಡಿಕೆ ಎಂಬ ಮಾತುಗಳು ಕೆಲವು ಮಕ್ಕಳಿಗೆ ಮನೆಯಿಂದಲೇ ಬಂದಿವೆ. ಹೀಗಾಗಿ ಪೂರ್ವಜ್ಞಾನವನ್ನು ಬೇರೆಲ್ಲೂ ಹುಡುಕಬೇಕಾಗಿರಲಿಲ್ಲ. ಎರಡನೆಯದು ಪಾಠದ ರೀತಿಗೆ ಸಂಬಂಧಿಸಿದ್ದು. ಜೀವನಚರಿತ್ರೆ ಎಂದರೆ ನಮ್ಮಲ್ಲಿ ಒಂದು ರೂಢಿ ಬೆಳೆದಿದೆ: ಹುಟ್ಟು, ಬಡತನ, ಛಲ, ಸಾಧನೆ, ಸಾವು, ಕೊನೆಗೊಂದು ನೀತಿ. ಒಂದು ದೊಡ್ಡ ಹೆಸರು ಹೇಗೆ ಬಂತು, ಹೇಗೆ ಕೆಟ್ಟಿತು, ಅದರ ಬೆಲೆ ಯಾರು ಕೊಟ್ಟರು ಎಂಬುದನ್ನೂ ಮಕ್ಕಳ ಮುಂದಿಡಬಹುದೇ ಎಂದು ನೋಡುವುದು ನನ್ನ ಉದ್ದೇಶವಾಗಿತ್ತು.

ಕಾಲರೇಖೆಯ ಮೇಲೆ ಎರಡು ಊರು

ಜಪಾನ್ ದೂರದ ದೇಶ, 1867 ದೂರದ ವರ್ಷ. ಎರಡೂ ದೂರವಾದರೆ ಪಾಠ ಮಕ್ಕಳ ಕೈಗೆ ಸಿಗುವುದಿಲ್ಲ. ಅದಕ್ಕೆ ಕಪ್ಪುಹಲಗೆಯ ಮೇಲೆ ಒಂದು ಕಾಲರೇಖೆ ಎಳೆದು ಮೊದಲು ಸುರಪುರದ ವರ್ಷಗಳನ್ನು ಬರೆದೆ. ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕರು ತೀರಿಕೊಂಡದ್ದು 1858ರಲ್ಲಿ. ಸಂಸ್ಥಾನ ನಿಜಾಮರಿಗೆ ಸೇರಿದ್ದು 1860ರಲ್ಲಿ. ಅದಾಗಿ ಏಳು ವರ್ಷಕ್ಕೆ, 1867ರ ಫೆಬ್ರುವರಿ 14ರಂದು, ಜಪಾನಿನ ಯಾಮಗುಚಿ ಎಂಬ ಹಳ್ಳಿಯಲ್ಲಿ ಸಾಕಿಚಿ ಹುಟ್ಟಿದರು. ಆ ಹಳ್ಳಿ ಈಗ ಶಿಜುಓಕಾ ಪ್ರಾಂತದ ಕೊಸಾಯಿ ನಗರದೊಳಗೆ ಸೇರಿದೆ. ಮರುವರ್ಷ, 1868ರಲ್ಲಿ, ಅಲ್ಲಿ ಶೋಗನ್‌ಗಳ ಆಳ್ವಿಕೆ ಮುಗಿದು ಮೇಜಿ ಚಕ್ರವರ್ತಿಯ ಕಾಲ ಬಂತು. ನಮ್ಮ ಊರು ಅಧಿಕಾರ ಕಳೆದುಕೊಂಡ ಹತ್ತು ವರ್ಷಗಳಲ್ಲೇ ಇನ್ನೊಂದು ದೇಶ ಹೊಸ ಶಾಲೆ, ಹೊಸ ಕಾರ್ಖಾನೆ, ಹೊಸ ಕಾನೂನುಗಳತ್ತ ಹೊರಟಿತ್ತು ಎಂಬುದು ರೇಖೆಯ ಮೇಲೆ ತಾನಾಗಿ ಕಂಡಿತು.

ಬಡಗಿಯ ಮಗ

ಸಾಕಿಚಿಯವರ ತಂದೆ ಇಕಿಚಿ ರೈತರು, ಬಡಗಿ ಕೆಲಸವನ್ನೂ ಮಾಡುತ್ತಿದ್ದರು. ಮಗ ಪ್ರಾಥಮಿಕ ಶಾಲೆ ಮುಗಿಸಿ ತಂದೆಯ ಜೊತೆ ಉಳಿ, ಬಾಚಿ ಹಿಡಿದರು. ಹೊಲದ ಕೆಲಸ ಮುಗಿದ ಮೇಲೆ ಆ ಹಳ್ಳಿಯ ಹೆಂಗಸರು ರಾತ್ರಿ ಮಗ್ಗದ ಮುಂದೆ ಕೂಡುತ್ತಿದ್ದರು. ಅವರಲ್ಲಿ ಸಾಕಿಚಿಯವರ ತಾಯಿಯೂ ಒಬ್ಬರು. ಒಂದು ಕೈಯಿಂದ ಲಾಳಿ ತೂರಿ, ಇನ್ನೊಂದು ಕೈಯಿಂದ ಹಿಡಿದು, ಹಣಿಗೆ ಬಡಿದು, ಮತ್ತೆ ಲಾಳಿ ತೂರುವ ಕೆಲಸ ಅದು.

1885ರಲ್ಲಿ ಜಪಾನ್ ಸರ್ಕಾರ ಪೇಟೆಂಟ್ ಕಾನೂನು ತಂದಿತು. ಹೊಸ ಯಂತ್ರ ಕಂಡುಹಿಡಿದವರಿಗೆ ಅದರ ಮೇಲೆ ಹಕ್ಕು ಸಿಗುತ್ತದೆ ಎಂಬ ಸುದ್ದಿ ಹಳ್ಳಿಯ ಹದಿನೆಂಟರ ಯುವಕನಿಗೂ ತಲುಪಿತು. ಅಂದಿನಿಂದ ಅವರು ಮಗ್ಗದ ಬೆನ್ನು ಹತ್ತಿದರು. ಮರ ಕೊಯ್ದು ಕಟ್ಟುವುದು, ಕೆಡವುವುದು, ಮತ್ತೆ ಕಟ್ಟುವುದು. ಮನೆಯ ಹಿರಿಮಗ ಹೊಲ, ಬಡಗಿ ಕೆಲಸ ಬಿಟ್ಟು ಹೀಗೆ ಕೂತದ್ದು ತಂದೆಗೆ ಹಿಡಿಸಲಿಲ್ಲ. 1890ರಲ್ಲಿ ಟೋಕಿಯೋದಲ್ಲಿ ರಾಷ್ಟ್ರೀಯ ಕೈಗಾರಿಕಾ ವಸ್ತುಪ್ರದರ್ಶನ ನಡೆದಾಗ ಅವರು ಅಲ್ಲಿಗೆ ಹೋಗಿ ದಿನದ ಮೇಲೆ ದಿನ ಯಂತ್ರಗಳ ಮುಂದೆ ನಿಂತು ನೋಡಿದರು.

ಅದೇ ವರ್ಷದ ಕೊನೆಗೆ ಅವರ ಮೊದಲ ಮರದ ಕೈಮಗ್ಗ ಸಿದ್ಧವಾಯಿತು. ಒಂದೇ ಕೈಯಿಂದ ಹಣಿಗೆಯನ್ನು ಹಿಂದೆ ಮುಂದೆ ಆಡಿಸಿದರೆ ಲಾಳಿ ತಾನೇ ಓಡುತ್ತಿತ್ತು. ನೇಯ್ಗೆ ಹಳೆಯ ಮಗ್ಗಕ್ಕಿಂತ ಹೆಚ್ಚುಕಡಿಮೆ ಒಂದೂವರೆ ಪಟ್ಟು ಆಯಿತು. 1891ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ಅದೇ ಮಗ್ಗಗಳನ್ನು ನಂಬಿ ಟೋಕಿಯೋದಲ್ಲಿ ತೆರೆದ ಸಣ್ಣ ನೇಯ್ಗೆ ಅಂಗಡಿ ನಡೆಯಲಿಲ್ಲ, ಮುಚ್ಚಿ ಊರಿಗೆ ಮರಳಬೇಕಾಯಿತು. 1894ರಲ್ಲಿ ಮಗ ಕಿಇಚಿರೋ ಹುಟ್ಟಿದಾಗ ಮನೆಯಲ್ಲಿ ಹಣವಿರಲಿಲ್ಲ. ಯಂತ್ರದ ಗುಂಗಿನಲ್ಲಿದ್ದ ಗಂಡನನ್ನು ಬಿಟ್ಟು ಮೊದಲ ಹೆಂಡತಿ ತವರಿಗೆ ಹೊರಟುಹೋದರು. ಮಗು ಅಜ್ಜ ಅಜ್ಜಿಯರ ಕೈಯಲ್ಲಿ ಬೆಳೆಯಿತು. ಛಲ ಎಂಬ ಒಂದು ಪದದಲ್ಲಿ ನಾವು ಮುಗಿಸಿಬಿಡುವ ವರ್ಷಗಳಲ್ಲಿ ಒಬ್ಬ ಹೆಣ್ಣುಮಗಳ ಸಂಸಾರವೂ ಮುರಿದಿತ್ತು ಎಂಬುದನ್ನು ಪಾಠದಲ್ಲಿ ಬಿಡಲಿಲ್ಲ.

ನಿಲ್ಲುವ ಯಂತ್ರ

1894ರಲ್ಲೇ ಅವರು ಮಾಡಿದ ನೂಲು ಸುತ್ತುವ ಯಂತ್ರ ಚೆನ್ನಾಗಿ ಮಾರಾಟವಾಗಿ, ಮುಂದಿನ ಪ್ರಯೋಗಕ್ಕೆ ದುಡ್ಡು ಕೊಟ್ಟಿತು. 1896ರಲ್ಲಿ ಹಬೆಯ ಶಕ್ತಿಯಿಂದ ನಡೆಯುವ, ಮರ ಮತ್ತು ಕಬ್ಬಿಣ ಕೂಡಿಸಿ ಮಾಡಿದ ಮಗ್ಗ ಬಂತು. ಜಪಾನೀಯರೇ ರೂಪಿಸಿದ ಮೊದಲ ಯಂತ್ರಮಗ್ಗ ಅದು. ಬೆಲೆ ಕಡಿಮೆ. ವೇಗ ಇತ್ತು. ಆದರೆ ಮಕ್ಕಳ ಗಮನವನ್ನು ನಾನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಗುಣದ ಮೇಲೆ: ಹೊಕ್ಕಿನ ನೂಲು ಕಡಿದರೆ ಆ ಮಗ್ಗ ತಾನಾಗಿ ನಿಲ್ಲುತ್ತಿತ್ತು.

ನಿಲ್ಲುವುದರಲ್ಲಿ ಏನು ದೊಡ್ಡತನ ಎಂಬ ಸಂದೇಹ ಬರುವುದು ಸಹಜ. ಕೈಮಗ್ಗದಲ್ಲಿ ನೂಲು ಕಡಿದರೆ ನೇಯುವವರ ಕೈಗೆ ಕೂಡಲೇ ಗೊತ್ತಾಗುತ್ತದೆ. ಯಂತ್ರಕ್ಕೆ ಕೈಯಿಲ್ಲ, ಕಣ್ಣಿಲ್ಲ. ಕಡಿದ ಮೇಲೂ ಅದು ಬಡಿಯುತ್ತಲೇ ಇರುತ್ತದೆ, ಯಾರಾದರೂ ನೋಡುವಷ್ಟರಲ್ಲಿ ಗಜಗಟ್ಟಲೆ ಬಟ್ಟೆ ಹಾಳಾಗಿರುತ್ತದೆ. ಹೀಗಾಗಿ ಪ್ರತಿ ಮಗ್ಗದ ಮುಂದೆ ಒಬ್ಬರನ್ನು ಕಾವಲು ನಿಲ್ಲಿಸಬೇಕಾಗುತ್ತದೆ. ಯಂತ್ರ ತನ್ನ ತಪ್ಪನ್ನು ತಾನೇ ತಿಳಿದು ನಿಂತರೆ ಕಾವಲು ಬೇಕಿಲ್ಲ, ಕೆಟ್ಟ ಬಟ್ಟೆಯೂ ಬರುವುದಿಲ್ಲ. ಮುಂದೆ ಹಾಸಿನ ನೂಲಿಗೂ ಇಂಥದೇ ಏರ್ಪಾಡು ಬಂತು: ಒಂದೊಂದು ಎಳೆಯ ಮೇಲೂ ಒಂದೊಂದು ತೆಳು ಲೋಹದ ಪಟ್ಟಿ ಕೂತಿರುತ್ತದೆ. ಎಳೆ ಬಿಗಿಯಾಗಿರುವ ತನಕ ಪಟ್ಟಿ ಮೇಲೆ, ಕಡಿದ ಕೂಡಲೇ ಕೆಳಗೆ. ಬಿದ್ದ ಪಟ್ಟಿ ಅಡ್ಡಬಂದು ಯಂತ್ರವನ್ನು ನಿಲ್ಲಿಸುತ್ತದೆ.

ಪಾಲುದಾರರೊಬ್ಬರ ಜೊತೆ ಕೂಡಿ ಈ ಮಗ್ಗಗಳಿಂದ ನೇಯಿಸಿದ ಬಟ್ಟೆ ಎಲ್ಲೆಡೆ ಒಂದೇ ಸಮನಾಗಿತ್ತು. ಮಿತ್ಸುಯಿ ಎಂಬ ದೊಡ್ಡ ವ್ಯಾಪಾರಿ ಸಂಸ್ಥೆ ಅದನ್ನು ಗಮನಿಸಿ, ಇದು ಯಾವ ಮಗ್ಗದ ಬಟ್ಟೆ ಎಂದು ವಿಚಾರಿಸಿಕೊಂಡು ಬಂತು. ಟೊಯೋಡಾ ಹೆಸರಿಗೆ ಮೊದಲ ಮರ್ಯಾದೆ ಬಂದದ್ದು ಹೀಗೆ, ಬಟ್ಟೆಯ ಮೂಲಕ.

ಕೈತಪ್ಪಿದ ಕಂಪನಿ, ಕೈಬಿಡದ ಕೆಲಸ

1907ರಲ್ಲಿ ಬಂಡವಾಳಗಾರರು ಸೇರಿ ಟೊಯೋಡಾ ಹೆಸರಿನಲ್ಲೇ ಮಗ್ಗದ ಕಂಪನಿ ಕಟ್ಟಿದರು. ಹೊಸ ಮಗ್ಗವನ್ನು ಪೂರ್ತಿ ಪರೀಕ್ಷಿಸಿಯೇ ಮಾರಬೇಕು ಎಂಬ ಸಾಕಿಚಿ, ಬೇಗ ಲಾಭ ಬರಬೇಕು ಎಂಬ ಆಡಳಿತ, ಇಬ್ಬರಿಗೂ ಹೊಂದಲಿಲ್ಲ. 1910ರಲ್ಲಿ ವ್ಯಾಪಾರ ಕುಸಿದಾಗ ಅವರೇ ರಾಜೀನಾಮೆ ಕೊಡಬೇಕಾಯಿತು. ಅವರು ಅಮೆರಿಕಕ್ಕೆ, ಅಲ್ಲಿಂದ ಯುರೋಪಿಗೆ ಹೊರಟರು. ಅಲ್ಲಿಯ ಸ್ವಯಂಚಾಲಿತ ಮಗ್ಗಗಳನ್ನು ನೋಡಿ ತಮ್ಮ ಮಗ್ಗ ಕಡಿಮೆಯಲ್ಲ ಎಂದು ಕಂಡುಕೊಂಡರು. ನ್ಯೂಯಾರ್ಕಿನಲ್ಲಿದ್ದ ರಸಾಯನಶಾಸ್ತ್ರಜ್ಞ ಜೋಕಿಚಿ ತಾಕಾಮಿನೆ ಅವರು ಸಂಶೋಧನೆಯನ್ನು ಬಿಡಬಾರದೆಂದು ಧೈರ್ಯ ತುಂಬಿದರು. ಅಮೆರಿಕದ ರಸ್ತೆಗಳಲ್ಲಿ ಓಡುತ್ತಿದ್ದ ಮೋಟಾರು ಕಾರುಗಳೂ ಅವರ ಕಣ್ಣಿಗೆ ಬಿದ್ದವು.

1911ರಲ್ಲಿ ನಗೋಯಾದಲ್ಲಿ ತಮ್ಮದೇ ನೇಯ್ಗೆ ಕಾರ್ಖಾನೆ ತೆರೆದರು. ಮಗ್ಗವನ್ನು ಪರೀಕ್ಷಿಸಲು ಹೋದರೆ ಕೊಂಡು ತಂದ ನೂಲು ಪದೇ ಪದೇ ಕಡಿಯುತ್ತಿತ್ತು. ದೋಷ ಮಗ್ಗದ್ದೋ ನೂಲಿನದ್ದೋ ತಿಳಿಯುತ್ತಿರಲಿಲ್ಲ. ಅದಕ್ಕಾಗಿ ನೂಲುವ ಕೆಲಸವನ್ನೂ ತಾವೇ ಶುರುಮಾಡಿದರು. ಒಂದು ದೋಷದ ಮೂಲ ಹುಡುಕುತ್ತ ಒಂದು ಹೆಜ್ಜೆ ಹಿಂದಕ್ಕೆ, ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗುವ ಈ ಕ್ರಮ ಅವರ ಬದುಕಿನುದ್ದಕ್ಕೂ ಕಾಣುತ್ತದೆ. ಮುಂದೆ ಅವರ ಹೆಸರಿನ ಕಂಪನಿಯಲ್ಲಿ ಯಾವುದೇ ತೊಂದರೆಗೆ ಏಕೆ ಎಂದು ಐದು ಸಲ ಕೇಳಬೇಕೆಂಬ ಪಾಠವಾಗಿ ಅದು ಉಳಿಯಿತು.

1924ರಲ್ಲಿ ಜಿ ಮಾದರಿಯ ಸ್ವಯಂಚಾಲಿತ ಮಗ್ಗ ಪೂರ್ತಿಯಾಯಿತು. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಯಂತ್ರಶಾಸ್ತ್ರ ಓದಿ ಬಂದಿದ್ದ ಮಗ ಕಿಇಚಿರೋ ಈ ಕೆಲಸದಲ್ಲಿ ಕೈಗೂಡಿಸಿದ್ದರು. ಲಾಳಿಯ ನೂಲು ಮುಗಿಯುತ್ತಿದ್ದಂತೆ ಯಂತ್ರ ನಿಲ್ಲದೆಯೇ ಹೊಸ ಲಾಳಿ ಬಂದು ಕೂಡುತ್ತಿತ್ತು. ನೂಲು ಕಡಿದರೆ ಮಾತ್ರ ಯಂತ್ರ ನಿಲ್ಲುತ್ತಿತ್ತು. ಒಬ್ಬರೇ ಮೂವತ್ತರಷ್ಟು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು. 1926ರಲ್ಲಿ ಇದನ್ನು ತಯಾರಿಸಲೆಂದೇ ಕರಿಯಾ ಎಂಬಲ್ಲಿ ಕಾರ್ಖಾನೆ ಎದ್ದಿತು. ಮೂರು ವರ್ಷಕ್ಕೆ ಜಗತ್ತು ತಿರುಗಿ ನೋಡುವ ಸಂಗತಿ ನಡೆಯಿತು. ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನ ಪ್ಲಾಟ್ ಬ್ರದರ್ಸ್, ಅಂದರೆ ಮುಂಬಯಿಯ ಗಿರಣಿಗಳಿಗೆ ಯಂತ್ರ ಕಳಿಸುತ್ತಿದ್ದ ಹೆಸರಾಂತ ಕಂಪನಿ, 1929ರ ಡಿಸೆಂಬರಿನಲ್ಲಿ ಈ ಮಗ್ಗದ ಹಕ್ಕಿಗಾಗಿ 1 ಲಕ್ಷ ಪೌಂಡಿನ ಒಪ್ಪಂದ ಮಾಡಿಕೊಂಡಿತು. ಜಪಾನಿಗೆ ಯಂತ್ರ ಕಲಿಸಿದ ದೇಶ ಜಪಾನಿನ ಬಡಗಿಯ ಮಗನಿಂದ ಯಂತ್ರ ಕೊಂಡಿತು. ಮರುವರ್ಷ, 1930ರ ಅಕ್ಟೋಬರ್ 30ರಂದು, 63ನೆಯ ವಯಸ್ಸಿನಲ್ಲಿ ಸಾಕಿಚಿ ತೀರಿಕೊಂಡರು. ಅವರು ಒಂದು ಕಾರನ್ನೂ ತಯಾರಿಸಲಿಲ್ಲ.

ಮಗ್ಗದಿಂದ ಕಾರಿಗೆ

ಕಾರು ಮಗನ ಕೆಲಸ. 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗ ತೆರೆದ ಕಿಇಚಿರೋ, 1936ರಲ್ಲಿ ಮೊದಲ ಪ್ರಯಾಣಿಕರ ಕಾರನ್ನು ಮಾರುಕಟ್ಟೆಗೆ ತಂದರು. ಅದೇ ವರ್ಷ ಮನೆತನದ ಟೊಯೋಡಾ ಎಂಬುದು ಟೊಯೋಟಾ ಆಯಿತು. ಜಪಾನೀ ಲಿಪಿಯಲ್ಲಿ ಹೀಗೆ ಬರೆದರೆ ಎಂಟು ಗೆರೆಗಳಾಗುತ್ತವೆ, ಎಂಟು ಅಲ್ಲಿ ಶುಭಸಂಖ್ಯೆ. 1937ರ ಆಗಸ್ಟ್‌ನಲ್ಲಿ ಮೋಟಾರು ಕಂಪನಿ ಬೇರೆಯಾಗಿ ನೋಂದಣಿಯಾಯಿತು. ಯುದ್ಧಾನಂತರ ಮಾರಾಟ ನಿಂತು, ಕೆಲಸಗಾರರನ್ನು ಕಡಿಮೆ ಮಾಡುವ ಪ್ರಶ್ನೆ ಬಂದು 1950ರಲ್ಲಿ ದೊಡ್ಡ ಮುಷ್ಕರವಾಯಿತು. ಅದರ ಹೊಣೆ ಹೊತ್ತು ಕಿಇಚಿರೋ ಅಧ್ಯಕ್ಷಸ್ಥಾನ ಬಿಟ್ಟರು, 1952ರಲ್ಲಿ ತೀರಿಕೊಂಡರು.

ತಂದೆಯ ಮಗ್ಗದ ತತ್ವ ಕಾರಿಗೆ ಬಂದದ್ದು ತೈಇಚಿ ಓನೋ ಎಂಬ ಎಂಜಿನಿಯರರ ಮೂಲಕ. ಅವರು ಟೊಯೋಡಾ ನೂಲಿನ ಗಿರಣಿಯಲ್ಲಿ ದುಡಿದು 1943ರಲ್ಲಿ ಕಾರಿನ ಕಡೆಗೆ ಬಂದವರು. ಕಾರು ಜೋಡಿಸುವ ಸಾಲಿನಲ್ಲಿ ದೋಷ ಕಂಡ ಕೆಲಸಗಾರ ತಾನೇ ಹಗ್ಗ ಎಳೆದು ತಿಳಿಸಬಹುದು, ಅಲ್ಲೇ ಸರಿಹೋಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಇದಕ್ಕೆ ಜಿದೋಕಾ ಎಂಬ ಹೆಸರಿದೆ. ಜಪಾನೀ ಭಾಷೆಯಲ್ಲಿ ಸ್ವಯಂಚಾಲನೆ ಎಂಬ ಪದದ ಒಂದು ಅಕ್ಷರಕ್ಕೆ ಮನುಷ್ಯ ಎಂಬ ಚಿಹ್ನೆ ಸೇರಿಸಿ ಆ ಪದವನ್ನು ಮಾಡಿಕೊಂಡಿದ್ದಾರೆ. ಭಾಷಾ ಬೋಧಕರಿಗೆ ಇದೊಂದು ಒಳ್ಳೆಯ ಉದಾಹರಣೆ.

ಹೆಸರು ಬಂದದ್ದು, ಹೆಸರು ಕೆಟ್ಟದ್ದು

1957ರಲ್ಲಿ ಟೊಯೋಟಾ ತನ್ನ ಕ್ರೌನ್ ಕಾರನ್ನು ಅಮೆರಿಕಕ್ಕೆ ಕಳಿಸಿತು. ಅಲ್ಲಿಯ ಹೆದ್ದಾರಿಯ ವೇಗಕ್ಕೆ ಅದರ ಎಂಜಿನ್ ತಾಳಲಿಲ್ಲ. ಕಂಪನಿ ಕಾರುಗಳ ರಫ್ತನ್ನು ತಡೆದು, ತಿದ್ದಿಕೊಂಡು ಮತ್ತೆ ಹೋಯಿತು. 1966ರಲ್ಲಿ ಬಂದ ಕೊರೊಲಾ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಕಾರಿನ ಹೆಸರಾಯಿತು. ಗಾಡಿ ಕೆಡುವುದಿಲ್ಲ, ಹಳೆಯದಾದರೂ ಬೆಲೆ ಬಿಡುವುದಿಲ್ಲ ಎಂಬ ಕೀರ್ತಿ ಹೀಗೆ ಹರಡಿತು. 2008ರಲ್ಲಿ ಟೊಯೋಟಾ ಮಾರಾಟದಲ್ಲಿ ಜಗತ್ತಿಗೇ ಮೊದಲಿನದಾಯಿತು.

ಮರುವರ್ಷವೇ ಎಳೆ ಕಡಿಯಿತು. ಅಮೆರಿಕದಲ್ಲಿ ಕಾರುಗಳು ಹಿಡಿತ ಮೀರಿ ಓಡಿದ ಪ್ರಕರಣಗಳು ಸುದ್ದಿಯಾದವು. 2009ರ ಆಗಸ್ಟ್‌ನಲ್ಲಿ ಒಂದೇ ಅಪಘಾತದಲ್ಲಿ ನಾಲ್ವರು ಸತ್ತರು. ಕಾಲಡಿಯ ಮ್ಯಾಟು ಪೆಡಲಿಗೆ ಸಿಕ್ಕಿಕೊಳ್ಳುವುದು ಒಂದು ದೋಷ, ಪೆಡಲೇ ಅಂಟಿಕೊಳ್ಳುವುದು ಇನ್ನೊಂದು. 80 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಸಬೇಕಾಯಿತು. 2010ರ ಫೆಬ್ರುವರಿಯಲ್ಲಿ ಸಾಕಿಚಿಯವರ ಮರಿಮಗ ಅಕಿಯೋ ಟೊಯೋಡಾ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕೂತು ಕ್ಷಮೆ ಕೇಳಿದರು. ತಮ್ಮ ಜನ ಮತ್ತು ವ್ಯವಸ್ಥೆ ತಾಳಿಕೊಳ್ಳುವುದಕ್ಕಿಂತ ವೇಗವಾಗಿ ಕಂಪನಿ ಬೆಳೆದಿತ್ತೆಂದು ಒಪ್ಪಿಕೊಂಡರು. ದೋಷದ ವಿಷಯದಲ್ಲಿ ಗ್ರಾಹಕರಿಗೆ ತಪ್ಪು ಮಾಹಿತಿ ಕೊಟ್ಟದ್ದಕ್ಕೆ 2014ರಲ್ಲಿ 120 ಕೋಟಿ ಡಾಲರ್ ದಂಡ ತೆರಲು ಕಂಪನಿ ಒಪ್ಪಿತು. ಎಳೆ ಕಡಿದರೆ ನಿಲ್ಲುವ ಮಗ್ಗದಿಂದ ಹುಟ್ಟಿದ ಸಂಸ್ಥೆಗೆ, ಕಡಿದದ್ದು ಕಂಡ ಮೇಲೂ ತಕ್ಷಣ ನಿಲ್ಲಲಾಗಲಿಲ್ಲ.

ಕರ್ನಾಟಕಕ್ಕೂ ಟೊಯೋಡಾ ಬಂದದ್ದು ಮೊದಲು ನೂಲಿನ ದಾರಿಯಲ್ಲೇ. 1995ರಲ್ಲಿ ಕಿರ್ಲೋಸ್ಕರ್ ಸಮೂಹದ ಜೊತೆ ನೂಲುವ ಯಂತ್ರ ತಯಾರಿಸುವ ಕಂಪನಿ ಬೆಂಗಳೂರಿನ ಬಳಿ ಆರಂಭವಾಯಿತು. ಕಾರಿನ ಕಂಪನಿ ಬಂದದ್ದು 1997ರಲ್ಲಿ, ಬಿಡದಿಯಲ್ಲಿ. 2000ದಲ್ಲಿ ಕ್ವಾಲಿಸ್, 2005ರಲ್ಲಿ ಇನ್ನೋವಾ ಬಂದವು. ಕಿರ್ಲೋಸ್ಕರ್ ಉದ್ಯಮ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು 1869ರಲ್ಲಿ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು, ಸಾಕಿಚಿಗಿಂತ ಎರಡೇ ವರ್ಷ ಚಿಕ್ಕವರು. ಬಿಡದಿಯ ಕಾರ್ಖಾನೆಯಲ್ಲೂ 2020ರ ನವೆಂಬರಿನಲ್ಲಿ ಕೆಲಸದ ಒತ್ತಡದ ದೂರಿನಿಂದ ಮುಷ್ಕರ, ಬೀಗಮುದ್ರೆ ಆಗಿ ತಿಂಗಳುಗಟ್ಟಲೆ ಬಿಕ್ಕಟ್ಟು ನಡೆಯಿತು. ಅಲ್ಲೇ 2007ರಿಂದ ಹತ್ತನೆಯ ತರಗತಿ ಮುಗಿಸಿದ ಗ್ರಾಮೀಣ ಬಡ ಮಕ್ಕಳಿಗೆ ತಾಂತ್ರಿಕ ತರಬೇತಿ ಕೊಡುವ ಸಂಸ್ಥೆಯೂ ಇದೆ. ಎರಡನ್ನೂ ಮಕ್ಕಳಿಗೆ ಹೇಳಿದೆ. ಎರಡನೆಯದು ಅವರ ನಾಳೆಗೆ ನೇರವಾಗಿ ಸಂಬಂಧಪಟ್ಟದ್ದು.

ಉಳಿದ ಇಪ್ಪತ್ತೊಂಬತ್ತು ಮಂದಿ

ಜಿ ಮಾದರಿಯ ಮಗ್ಗದ ಬಗ್ಗೆ ಹೇಳುವಾಗ, ಅಜ್ಜಿ ನೇಯುತ್ತಿದ್ದ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಮೂವತ್ತು ಮಗ್ಗವನ್ನು ಒಬ್ಬರೇ ನೋಡಿಕೊಂಡರೆ ಉಳಿದ ಇಪ್ಪತ್ತೊಂಬತ್ತು ಮಂದಿ ಏನು ಮಾಡಿದರು ಎಂಬುದು ಅವಳ ಪ್ರಶ್ನೆ. ಪಾಠ ಯೋಜನೆಯಲ್ಲಿ ಮೌಲ್ಯಮಾಪನಕ್ಕೆ ಇಟ್ಟಿದ್ದ ನಿಮಿಷಗಳನ್ನು ನಾನು ಆ ಪ್ರಶ್ನೆಗೆ ಕೊಟ್ಟೆ.

ಗೊತ್ತಿದ್ದ ಸಂಗತಿಗಳನ್ನು ಎರಡು ಕಡೆಯಿಂದಲೂ ಇಟ್ಟೆ. ಜಪಾನಿನ ಗಿರಣಿಗಳಲ್ಲಿ ದುಡಿಯುತ್ತಿದ್ದವರು ಹೆಚ್ಚಾಗಿ ಹಳ್ಳಿಗಳಿಂದ ತಂದ ಎಳೆಯ ಹೆಣ್ಣುಮಕ್ಕಳು. ರಾತ್ರಿ ಪಾಳಿಯ ದುಡಿಮೆಯಿಂದ ಅವರಿಗೆ ಕಾನೂನಿನ ಬಿಡುಗಡೆ ಸಿಕ್ಕಿದ್ದೇ 1929ರಲ್ಲಿ. ಯಂತ್ರ ಅವರ ಕಾವಲಿನ ದುಡಿಮೆಯನ್ನು ಕಡಿಮೆ ಮಾಡಿತು, ಹಾಗೆಯೇ ಕೆಲಸಗಳ ಸಂಖ್ಯೆಯನ್ನೂ ಕಡಿಮೆ ಮಾಡಿತು. ನಮ್ಮ ಕಡೆ ಮೊದಲು ಲ್ಯಾಂಕಶೈರಿನ ಬಟ್ಟೆ, ಆಮೇಲೆ ನಮ್ಮದೇ ಗಿರಣಿ ಮತ್ತು ವಿದ್ಯುತ್ ಮಗ್ಗದ ಬಟ್ಟೆ ಕೈಮಗ್ಗದ ಮನೆಗಳನ್ನು ಹಿಂದಕ್ಕೆ ತಳ್ಳಿತು. ಕಲಬುರಗಿಯ ಎಂ.ಎಸ್.ಕೆ. ಗಿರಣಿಯಂಥವು ಸಾವಿರಾರು ಜನಕ್ಕೆ ಕೆಲಸ ಕೊಟ್ಟು, ಕೊನೆಗೆ ತಾವೂ ಮುಚ್ಚಿದವು. ತಾಯಿಯ ದಣಿವನ್ನು ಕಂಡು ಮಗ್ಗ ತಿದ್ದಲು ಹೊರಟ ಮಗನ ಯಂತ್ರ ಎಷ್ಟೋ ತಾಯಂದಿರ ಮಗ್ಗವನ್ನೇ ನಿಲ್ಲಿಸಿತು. ಇವೆರಡೂ ನಿಜ. ಹುಡುಗಿ ಒಪ್ಪಿದಂತೆ ಕಾಣಲಿಲ್ಲ. ಒಪ್ಪಿಸುವುದು ಪಾಠದ ಗುರಿಯೂ ಆಗಿರಲಿಲ್ಲ.

ತರಗತಿಯಲ್ಲಿ ಬಳಸುವವರಿಗೆ

ಈ ಬದುಕನ್ನು ಹೇಳಲು ದುಬಾರಿ ಬೋಧನೋಪಕರಣ ಬೇಕಿಲ್ಲ. ರಟ್ಟಿನ ಪೆಟ್ಟಿಗೆಯ ಎರಡು ಅಂಚುಗಳ ನಡುವೆ ಐದಾರು ದಾರ ಬಿಗಿದು, ಪ್ರತಿ ದಾರದ ಮೇಲೆ ಒಂದು ಹೇರ್‌ಪಿನ್ ಕೂಡಿಸಿ, ಕೆಳಗೆ ಸ್ಟೀಲ್ ತಟ್ಟೆ ಇಟ್ಟರೆ ಸಾಕು. ಒಂದು ದಾರ ಕತ್ತರಿಸಿದ ಕೂಡಲೇ ಪಿನ್ ಬಿದ್ದು ತಟ್ಟೆ ಸದ್ದು ಮಾಡುತ್ತದೆ. ಹಿಂದಿನ ಬೆಂಚಿನ ಮಕ್ಕಳಿಗೂ ತತ್ವ ಕೇಳಿಸುತ್ತದೆ.

ಏಕೆ ಎಂಬ ಪ್ರಶ್ನೆಯನ್ನು ಮಕ್ಕಳಿಗೆ ಕೇಳುವ ಮೊದಲು ನಾವು ಪ್ರಶಿಕ್ಷಣಾರ್ಥಿಗಳು ನಮಗೇ ಕೇಳಿಕೊಂಡು ನೋಡಿದೆವು. ಒಬ್ಬ ವಿದ್ಯಾರ್ಥಿಗೆ ಅನುಪಾತದ ಲೆಕ್ಕ ಬರುವುದಿಲ್ಲ. ಏಕೆ? ಭಾಗಾಕಾರ ಗಟ್ಟಿಯಿಲ್ಲ. ಏಕೆ? ಅದನ್ನು ಕಲಿಸಿದ ತಿಂಗಳುಗಳಲ್ಲಿ ಅವನು ಶಾಲೆಯಲ್ಲಿರಲಿಲ್ಲ. ಏಕೆ? ಮನೆಮಂದಿಯ ಜೊತೆ ಬೆಂಗಳೂರಿಗೆ ಗುಳೆ ಹೋಗಿದ್ದ. ಏಕೆ? ಸುಗ್ಗಿ ಮುಗಿದ ಮೇಲೆ ಊರಲ್ಲಿ ಕೂಲಿಯಿಲ್ಲ. ಮೊದಲ ಉತ್ತರದಲ್ಲೇ ನಿಂತಿದ್ದರೆ ಅವನನ್ನು ದಡ್ಡರ ಪಟ್ಟಿಗೆ ಸೇರಿಸುತ್ತಿದ್ದೆವು. ನಾಲ್ಕನೆಯದಕ್ಕೆ ಬಂದಾಗ ಮಾಡಬೇಕಾದದ್ದು ಬೇರೆಯೇ ಎಂದು ಕಂಡಿತು: ಅವನಿಗೆ ಬಿಟ್ಟುಹೋದ ಭಾಗಾಕಾರವನ್ನು ಈಗ ಕಲಿಸಬೇಕು, ಗುಳೆ ಹೋಗುವ ಮುನ್ನವೇ ಮುಂದಿನ ವರ್ಷದ ಪಟ್ಟಿ ಮಾಡಿಕೊಳ್ಳಬೇಕು.

ಪಠ್ಯ ಮುಗಿಸುವ ಅವಸರದಲ್ಲಿ ನಮ್ಮ ತರಗತಿಗಳೂ ಎಳೆ ಕಡಿದ ಮೇಲೆ ಓಡುವ ಮಗ್ಗಗಳಾಗುವ ಅಪಾಯವಿದೆ. ಪಾಠ ವೀಕ್ಷಣೆಯ ನಮೂನೆಯಲ್ಲಿ ಪಾಠ ಸಮಯಕ್ಕೆ ಮುಗಿಯಿತೇ ಎಂಬ ಕಾಲಮಿನ ಪಕ್ಕದಲ್ಲಿ, ಎಲ್ಲಿ ನಿಲ್ಲಿಸಲಾಯಿತು, ಏಕೆ ಎಂಬ ಇನ್ನೊಂದು ಕಾಲಮನ್ನು ನಮ್ಮ ಬೋಧಕರು ಸೇರಿಸಬೇಕೆಂದು ಕೋರುತ್ತೇನೆ.

ಮೌಲ್ಯಮಾಪನಕ್ಕೆ ನಾನು ಬಳಸಿದ ನಾಲ್ಕು ಪ್ರಶ್ನೆಗಳು ಇವು. ಯಂತ್ರ ತಾನಾಗಿ ನಿಲ್ಲುವುದರಿಂದ ಬಟ್ಟೆಗೆ ಮತ್ತು ಕೆಲಸಗಾರರಿಗೆ ಏನೇನಾಯಿತು? 1910ರಲ್ಲಿ ಸಾಕಿಚಿ ಕಂಪನಿ ಬಿಡಬೇಕಾದ ಕಾರಣಕ್ಕೂ 2009ರಲ್ಲಿ ಟೊಯೋಟಾ ಹೆಸರು ಕೆಟ್ಟ ಕಾರಣಕ್ಕೂ ಹೋಲಿಕೆ ಇದೆಯೇ? ನಿಮ್ಮ ಊರಿನಲ್ಲಿ ಒಂದು ಯಂತ್ರ ಬಂದು ಯಾವ ಕೆಲಸ ಹೋಯಿತು, ಯಾವ ಕೆಲಸ ಬಂತು? ಮನೆಯ ಹಿರಿಯರೊಬ್ಬರನ್ನು ಅವರ ದುಡಿಮೆಯ ಬಗ್ಗೆ ಐದು ಪ್ರಶ್ನೆ ಕೇಳಿ ಬರೆದುಕೊಂಡು ಬನ್ನಿ. ಕೊನೆಯ ಪ್ರಶ್ನೆಗೆ ಆ ಹುಡುಗಿ ಎರಡು ಪುಟ ಬರೆದು ತಂದಳು. ಅಜ್ಜಿಯ ಕುಣಿಮಗ್ಗ ಯಾವ ವರ್ಷ ನಿಂತಿತು, ಅದರ ಲಾಳಿ ಈಗ ಎಲ್ಲಿದೆ ಎಂಬುದು ಅದರಲ್ಲಿತ್ತು.